ಕೊರಿಯಾದ ಆರೋಗ್ಯ ತಪಾಸಣೆ: ಥೈರಾಯ್ಡ್ ಸ್ಕ್ಯಾನ್‌ಗೆ ಟಿಕ್ ಹಾಕುವ ಮುನ್ನ

ದಕ್ಷಿಣ ಕೊರಿಯಾದಲ್ಲಿ ಕೆಲಸಕ್ಕೆ ಸೇರಿದ ಕನ್ನಡಿಗರಿಗೆಲ್ಲ ಒಂದಲ್ಲ ಒಂದು ದಿನ ‘ಗೊನ್‌ಗಾಂಗ್ ಗೊಮ್‌ಜಿನ್’ ಎದುರಾಗುತ್ತದೆ. ಇದು ರಾಷ್ಟ್ರೀಯ ಆರೋಗ್ಯ ವಿಮೆಯ ತಪಾಸಣೆ. ಕಚೇರಿ ಕೆಲಸದವರಿಗೆ ಸಾಮಾನ್ಯವಾಗಿ ಎರಡು ವರ್ಷಕ್ಕೊಮ್ಮೆ. ಹುಟ್ಟಿದ ಇಸವಿ ಸಮವಾದರೆ ಸಮ ವರ್ಷ, ಬೆಸವಾದರೆ ಬೆಸ ವರ್ಷ. ರಾತ್ರಿಯಿಂದ ಏನೂ ತಿನ್ನದೆ ಬೆಳಗ್ಗೆ ಹೋಗಿ ಕುಳಿತಾಗ ಕೈಗೊಂದು ಹಾಳೆ ಬರುತ್ತದೆ. ಅದರಲ್ಲಿ ಸ್ವಂತ ಹಣ ಕೊಟ್ಟು ಸೇರಿಸಿಕೊಳ್ಳಬಹುದಾದ ಪರೀಕ್ಷೆಗಳ ಸಾಲು. ಆ ಸಾಲಿನಲ್ಲಿ ‘ಗಾಪ್‌ಸಾಂಗ್‌ಸನ್ ಛೊಉಮ್‌ಫಾ’ ಎಂದಿದ್ದರೆ ಅದೇ ಥೈರಾಯ್ಡ್ ಅಲ್ಟ್ರಾಸೌಂಡ್.

ನನ್ನ ಮೊದಲ ತಪಾಸಣೆಯಲ್ಲಿ ಅದರ ಮುಂದೆ ನಾನೂ ಟಿಕ್ ಹಾಕಿದ್ದೆ. ನೋವಿಲ್ಲ, ಸೂಜಿಯಿಲ್ಲ, ದುಡ್ಡೂ ಹೆಚ್ಚಲ್ಲ. ನೋಡಿಸಿಕೊಂಡರೆ ತಪ್ಪೇನು ಅನ್ನಿಸಿತ್ತು. ಇಡೀ ಕೊರಿಯಾಕ್ಕೂ ಒಂದು ಕಾಲದಲ್ಲಿ ಹಾಗೆಯೇ ಅನ್ನಿಸಿತ್ತು.

1999ರಲ್ಲಿ ಸರ್ಕಾರ ಕ್ಯಾನ್ಸರ್ ತಪಾಸಣೆ ಯೋಜನೆಯನ್ನು ಶುರುಮಾಡಿತು. ಅದರಲ್ಲಿ ಥೈರಾಯ್ಡ್ ಇರಲಿಲ್ಲ, ಇಂದಿಗೂ ಇಲ್ಲ. ಆದರೆ ಆಸ್ಪತ್ರೆಗಳು ಕಡಿಮೆ ದರಕ್ಕೆ ಅದನ್ನೂ ಜೊತೆಗೆ ಮಾಡಿಕೊಡತೊಡಗಿದವು. 2011ರ ಹೊತ್ತಿಗೆ ಥೈರಾಯ್ಡ್ ಕ್ಯಾನ್ಸರ್ ಪತ್ತೆಯ ಪ್ರಮಾಣ 1993ರಲ್ಲಿದ್ದುದರ 15 ಪಟ್ಟಾಯಿತು. ಆ ಒಂದೇ ವರ್ಷ 40,000ಕ್ಕೂ ಹೆಚ್ಚು ಜನರಲ್ಲಿ ಅದು ಪತ್ತೆಯಾಯಿತು, ಹೆಂಗಸರಲ್ಲಂತೂ ಬಹಳ. ಹೀಗಿದ್ದೂ ಈ ಕಾಯಿಲೆಯಿಂದ ಸಾಯುವವರ ಸಂಖ್ಯೆ ವರ್ಷಕ್ಕೆ 400ನ್ನು ಮೀರಲಿಲ್ಲ. ಇಷ್ಟೊಂದು ಪತ್ತೆಹಚ್ಚಿದರೂ ಸಾವು ಇಳಿಯಲೂ ಇಲ್ಲ.

ಪತ್ತೆಯಾದವುಗಳಲ್ಲಿ ಹೆಚ್ಚುಕಡಿಮೆ ಎಲ್ಲವೂ ‘ಪ್ಯಾಪಿಲರಿ’ ಎಂಬ ನಿಧಾನಗತಿಯ ಬಗೆ. ಬೇರೆ ಕಾರಣಕ್ಕೆ ಸತ್ತವರ ಶವಪರೀಕ್ಷೆಯಲ್ಲೂ ಇಂಥ ಸಣ್ಣ ಗಂಟುಗಳು ಸಿಗುತ್ತವೆ. ಬದುಕಿದ್ದಷ್ಟು ದಿನ ಅವರಿಗೆ ಅದರ ಸುಳಿವೇ ಇರಲಿಲ್ಲ. ಆದರೆ ಸ್ಕ್ಯಾನ್‌ನಲ್ಲಿ ಒಮ್ಮೆ ಕಂಡ ಮೇಲೆ ಸುಮ್ಮನಿರುವುದು ಯಾರಿಗೆ ಸಾಧ್ಯ? ಹೆಚ್ಚಿನವರು ಶಸ್ತ್ರಚಿಕಿತ್ಸೆ ಮಾಡಿಸಿಕೊಂಡರು. ಗ್ರಂಥಿ ಪೂರ್ತಿ ಹೋದವರಿಗೆ ಜೀವನವಿಡೀ ಹಾರ್ಮೋನ್ ಮಾತ್ರೆ. ಶಸ್ತ್ರಚಿಕಿತ್ಸೆಗೆ ಒಳಗಾದ 15,000ಕ್ಕೂ ಹೆಚ್ಚು ಮಂದಿಯ ದಾಖಲೆ ನೋಡಿದಾಗ 11%ರಷ್ಟು ಜನರಲ್ಲಿ ಕ್ಯಾಲ್ಸಿಯಂ ಕಾಯುವ ಪ್ಯಾರಾಥೈರಾಯ್ಡ್ ಗ್ರಂಥಿಗಳು ಸೊರಗಿದ್ದವು, 2%ರಷ್ಟು ಜನರ ಧ್ವನಿತಂತುಗಳಿಗೆ ಪೆಟ್ಟಾಗಿತ್ತು. ಸಾವಿರಾರು ಆರೋಗ್ಯವಂತರು ಹೀಗೆ ರೋಗಿಗಳಾದರಲ್ಲ ಎಂದು ನೆನೆದರೆ ಇಂದಿಗೂ ಸಂಕಟವಾಗುತ್ತದೆ.

2014ರ ಮಾರ್ಚ್‌ನಲ್ಲಿ ಎಂಟು ಮಂದಿ ವೈದ್ಯರು ಬಹಿರಂಗವಾಗಿ ಇದನ್ನು ವಿರೋಧಿಸಿದರು. ಅದೇ ವರ್ಷ ಕೊರಿಯಾ ವಿಶ್ವವಿದ್ಯಾಲಯದ ಆನ್ ಹ್ಯೊಂಗ್ ಸಿಕ್ ಮತ್ತು ಸಂಗಡಿಗರು ಅಂಕಿಅಂಶಗಳನ್ನು ಜಗತ್ತಿನ ಮುಂದಿಟ್ಟರು. ವರ್ಷದೊಳಗೆ ಶಸ್ತ್ರಚಿಕಿತ್ಸೆಗಳು ಸುಮಾರು 35% ಇಳಿದವು. ಲಕ್ಷಣಗಳಿಲ್ಲದವರಿಗೆ ಈ ಸ್ಕ್ಯಾನ್ ವಾಡಿಕೆಯಂತೆ ಬೇಡ ಎಂಬುದೇ ಈಗ ಅಲ್ಲಿನ ಮಾರ್ಗಸೂಚಿ. ಹಾಗಿದ್ದರೂ ತಪಾಸಣೆಯ ಹಾಳೆಗಳಿಂದ ಅದು ಮಾಯವಾಗಿಲ್ಲ.

ಕತ್ತಿನಲ್ಲಿ ಕೈಗೆ ಸಿಗುವ ಗಂಟು, ವಾರಗಟ್ಟಲೆ ಬಿಡದ ಗೊಗ್ಗರು ದನಿ, ನುಂಗಲು ತೊಡಕು, ಮನೆತನದಲ್ಲಿ ಈ ಕ್ಯಾನ್ಸರ್, ಬಾಲ್ಯದಲ್ಲಿ ಕತ್ತಿಗೆ ವಿಕಿರಣ ಚಿಕಿತ್ಸೆ: ಇವುಗಳಲ್ಲಿ ಒಂದಿದ್ದರೂ ಮೇಲಿನ ಮಾತು ನಿಮಗಲ್ಲ, ತಡಮಾಡದೆ ವೈದ್ಯರನ್ನು ಕಾಣಿ. ಮೊದಲು ಹತ್ತಿರದ ‘ಉಇವೊನ್’, ಅಂದರೆ ಸಣ್ಣ ಕ್ಲಿನಿಕ್. ದೊಡ್ಡ ಆಸ್ಪತ್ರೆಗೆ ಹೋಗಬೇಕಾದರೆ ಅಲ್ಲಿಂದ ‘ಜಿಲ್ಲ್ಯೊ ಉಇರ್ವೆಸೊ’ ಎಂಬ ಶಿಫಾರಸು ಪತ್ರವನ್ನು ಕೇಳಿ ಪಡೆಯಿರಿ. ಅದಿಲ್ಲದೆ ನೇರವಾಗಿ ಹೋದರೆ ವಿಮೆ ಕೈಕೊಡುತ್ತದೆ.

ಕ್ಯಾನ್ಸರ್ ಖಚಿತವಾದರೆ ‘ಸಾನ್‌ಜೊಂಗ್ ಥುಂಗ್ನ್ಯೆ’ಗೆ ನೋಂದಾಯಿಸಿಕೊಳ್ಳಿ. ಐದು ವರ್ಷ, ವಿಮೆಯೊಳಗೆ ಬರುವ ಕ್ಯಾನ್ಸರ್ ಚಿಕಿತ್ಸೆಯ ವೆಚ್ಚದಲ್ಲಿ ನೀವು ಕೊಡಬೇಕಾದದ್ದು 5% ಮಾತ್ರ. ವಿಮೆಯಲ್ಲಿರುವ ವಿದೇಶಿಯರಿಗೂ ಇದು ಸಲ್ಲುತ್ತದೆ. ಖಾಸಗಿ ಕ್ಯಾನ್ಸರ್ ವಿಮೆಯನ್ನು ಮಾತ್ರ ನಂಬಿ ಕೂರಬೇಡಿ: ಹಲವು ಪಾಲಿಸಿಗಳು ಥೈರಾಯ್ಡನ್ನು ‘ಸಣ್ಣ ಕ್ಯಾನ್ಸರ್’ ಪಟ್ಟಿಗೆ ಸೇರಿಸಿ ಪರಿಹಾರವನ್ನು ಕಡಿತಗೊಳಿಸುತ್ತವೆ.

ಗಂಟು ಒಂದು ಸೆಂಟಿಮೀಟರ್‌ಗಿಂತ ಚಿಕ್ಕದಾಗಿದ್ದು ಎಲ್ಲಿಗೂ ಹರಡಿರದಿದ್ದರೆ, ಕೊಯ್ಯದೆ ಆಗಾಗ ಸ್ಕ್ಯಾನ್ ಮಾಡುತ್ತ ಗಮನಿಸಬಹುದೇ ಎಂದು ವೈದ್ಯರನ್ನು ಕೇಳಿ. ಜಪಾನಿನ ಕೋಬೆಯಲ್ಲಿರುವ ಕುಮಾ ಆಸ್ಪತ್ರೆ 1993ರಿಂದಲೇ ಹೀಗೆ ಮಾಡುತ್ತ ಬಂದಿದೆ, ಕೊರಿಯಾದಲ್ಲೂ ಇದು ಒಪ್ಪಿತ ದಾರಿ. ಭಾಷೆ ಬಾರದೆಂದು ಈ ಪ್ರಶ್ನೆಯನ್ನು ನುಂಗಿಕೊಳ್ಳಬೇಡಿ. ದೊಡ್ಡ ಆಸ್ಪತ್ರೆಗಳಲ್ಲಿ ಹೆಚ್ಚಾಗಿ ವಿದೇಶಿಯರಿಗೆಂದೇ ಒಂದು ವಿಭಾಗವಿರುತ್ತದೆ, ದುಭಾಷಿ ಬೇಕೆಂದು ಮೊದಲೇ ಹೇಳಿಡಿ.