ರೇಸಿಂಗ್ ಕುರ್ಚಿ ಎಷ್ಟು ಕುಣಿಯಬೇಕು?

ಕಂಪ್ಯೂಟರಿನ ರೇಸಿಂಗ್ ಆಟಕ್ಕೆ ತಕ್ಕಂತೆ ಕುರ್ಚಿಯನ್ನು ಅಲುಗಿಸುವ ಮೋಷನ್ ರಿಗ್ ಮನೆಗೆ ಬಂದ ಹೊಸತರಲ್ಲಿ ಎಲ್ಲರೂ ಮಾಡುವುದು ಒಂದೇ ಕೆಲಸ: ಸಾಫ್ಟ್‌ವೇರ್‌ನಲ್ಲಿರುವ ಗೇನ್‌ಗಳನ್ನೆಲ್ಲ (ಚಲನೆ ಎಷ್ಟು ಜೋರಿರಬೇಕೆಂಬ ಅಳತೆ) ನೂರಕ್ಕೇರಿಸಿ, ಬಂದ ನೆಂಟರನ್ನು ಕೂರಿಸಿ ಕುಣಿಸುವುದು. ನೋಡುವವರಿಗೆ ಮೋಜು, ಓಡಿಸುವವರಿಗೆ ಬೆನ್ನುನೋವು.

ಸ್ವಲ್ಪ ಲೆಕ್ಕ ಹಾಕಿ ನೋಡಿ. ನಾಲ್ಕು ಮೂಲೆಗೆ ನಾಲ್ಕು ಆಕ್ಚುಯೇಟರ್ (ಮೋಟಾರಿನಿಂದ ಏರಿಳಿಯುವ ಕಾಲು), ತಲಾ 100 ಮಿಲಿಮೀಟರ್ ಸ್ಟ್ರೋಕ್ ಅಂದರೆ ಏರಿಳಿತದ ಅವಕಾಶ, ಹಿಂದಿನ ಮುಂದಿನ ಕಾಲುಗಳ ನಡುವೆ 1.2 ಮೀಟರ್ ಎಂದಿಟ್ಟುಕೊಳ್ಳಿ. ಮುಂದಿನದು ಪೂರ್ತಿ ಇಳಿದು ಹಿಂದಿನದು ಪೂರ್ತಿ ಏರಿದರೂ ಕುರ್ಚಿ ಬಾಗುವುದು ಐದು ಡಿಗ್ರಿಗಿಂತ ಕಡಿಮೆ. ಆಗ ಮೈಭಾರದ ಒಂದಂಶ ಮುಂದಕ್ಕೆ ಜಗ್ಗುತ್ತದೆ, ಒಳಕಿವಿ ಅದನ್ನೇ ಬ್ರೇಕ್ ಎಂದು ನಂಬುತ್ತದೆ. ಆ ಜಗ್ಗುವಿಕೆ ಸುಮಾರು 0.08 ಜಿ, ಅಂದರೆ ಮೈಭಾರದ ಶೇಕಡ 8ರಷ್ಟು ಮಾತ್ರ. ನಿಜವಾದ ರಸ್ತೆ ಕಾರು ಒತ್ತಿ ಬ್ರೇಕ್ ಹಾಕಿದರೆ 1 ಜಿ ಹತ್ತಿರ, ಫಾರ್ಮುಲಾ ಒನ್ ಕಾರಿನಲ್ಲಿ 5 ಜಿ ಆಸುಪಾಸು. ಗೇನ್ ಎಷ್ಟೇ ಏರಿಸಿದರೂ ಆ ಬಲ ಮನೆಯ ಕುರ್ಚಿಯಲ್ಲಿ ಹುಟ್ಟುವುದಿಲ್ಲ. ಅದು ಕೊಡಬಲ್ಲದ್ದು ಸುದ್ದಿಯನ್ನು: ಕಾರಿನ ಮೂತಿಗೆ ಭಾರ ಬಂತು, ಬಲಗಡೆಯ ಟೈರು ಟ್ರ್ಯಾಕ್ ಅಂಚಿನ ಕರ್ಬ್ ಹತ್ತಿತು ಎಂಬ ಸುದ್ದಿ. ಅದು ತಡವಾಗದೆ ಮುಟ್ಟಿದರೆ ಸಾಕು, ಜೋರಾಗಿ ಮುಟ್ಟಬೇಕಾಗಿಲ್ಲ.

ಆದ್ದರಿಂದ ಎಲ್ಲವನ್ನೂ ಸೊನ್ನೆಗಿಳಿಸಿ ಶುರುಮಾಡಿ. ಒಂದೇ ಕಾರು, ಒಂದೇ ಟ್ರ್ಯಾಕ್, ಒಮ್ಮೆಗೆ ಒಂದೇ ಚಲನೆ. ಮೊದಲು ದಿಕ್ಕು ಸರಿಯಿದೆಯೇ ನೋಡಿ. ಬ್ರೇಕ್ ಒತ್ತಿದರೆ ಮುಂಭಾಗ ತಗ್ಗಬೇಕು, ಎಡ ತಿರುವಿನಲ್ಲಿ ಕುರ್ಚಿ ಬಲಕ್ಕೆ ವಾಲಬೇಕು. ಇದು ತಿರುಗುಮುರುಗಾಗಿದ್ದರೂ ಎಷ್ಟೋ ಜನ ಗಮನಿಸದೆ ಓಡಿಸುತ್ತಿರುತ್ತಾರೆ, ಹೊಟ್ಟೆ ತೊಳಸುತ್ತದೆ ಎಂದು ಮಾತ್ರ ದೂರುತ್ತಾರೆ. ಬ್ರೇಕಿನ ಚಲನೆಯನ್ನು ಶೇಕಡ 25ರಿಂದ ಆರಂಭಿಸಿ ಮೆಲ್ಲಗೆ ಏರಿಸಿ. ವಾಲುವುದಕ್ಕೆ ಅದಕ್ಕಿಂತ ಕಡಿಮೆ ಸಾಕು. ರಿಗ್‌ನ ಅಗಲ ಉದ್ದದ ಅರ್ಧದಷ್ಟೇ ಇರುವುದರಿಂದ ಅದೇ ಸ್ಟ್ರೋಕ್‌ಗೆ ಕೋನ ಎರಡರಷ್ಟಾಗುತ್ತದೆ.

ಸ್ಟ್ರೋಕ್ ಎನ್ನುವುದು ತಿಂಗಳ ಸಂಬಳವಿದ್ದಂತೆ. ಬ್ರೇಕಿಗೇ ಪೂರ್ತಿ ಖರ್ಚಾದರೆ ಕರ್ಬಿಗೆ ಏನೂ ಉಳಿಯುವುದಿಲ್ಲ. ಮುಂದಿನ ಕಾಲು ಆಗಲೇ ತಳ ಮುಟ್ಟಿರುವಾಗ ರಸ್ತೆಯ ತಗ್ಗು ಹೇಗೆ ತಿಳಿದೀತು? ಸಾಫ್ಟ್‌ವೇರ್‌ನ ಗ್ರಾಫ್‌ನಲ್ಲಿ ಗೆರೆ ತುದಿಗೆ ಹೋಗಿ ಚಪ್ಪಟೆಯಾಗಿ ನಿಂತಿದೆ ಎಂದರೆ ಗೇನ್ ಇಳಿಸಿ. ಅತಿ ಜೋರಾದ ಬ್ರೇಕ್‌ನಲ್ಲೂ ಕಾಲುಭಾಗ ಸ್ಟ್ರೋಕ್ ಮಿಕ್ಕಿರಲಿ ಎಂಬುದು ನನ್ನ ಪಟ್ಟು. ಮೇಲೆ ಕೆಳಗೆ ಎತ್ತಿಹಾಕುವ ಹೀವ್ ಪರೀಕ್ಷಿಸಲು ಬೆಲ್ಜಿಯಂನ ಸ್ಪಾ ಟ್ರ್ಯಾಕ್‌ನ ಓ ರೂಜ್ ತಿರುವಿಗಿಂತ ಒಳ್ಳೆಯ ಜಾಗವಿಲ್ಲ: ತಗ್ಗಿನಲ್ಲಿ ಕಾರು ಅದುಮಿಕೊಳ್ಳುತ್ತದೆ, ದಿಬ್ಬದ ನೆತ್ತಿಯಲ್ಲಿ ಹಗುರಾಗುತ್ತದೆ. ಎರಡೂ ಬೇರೆ ಬೇರೆಯಾಗಿ ತಿಳಿಯಬೇಕು.

ಸ್ಮೂದಿಂಗ್ ವಿಷಯದಲ್ಲಿ ಜಿಪುಣರಾಗಿರಿ. ಅದು ಅದುರಾಟವನ್ನು ನುಣುಪಾಗಿಸುತ್ತದೆ ನಿಜ, ಆದರೆ ಚಲನೆಯನ್ನು ತಡವಾಗಿಸುತ್ತದೆ. ಕಣ್ಣು ಒಂದು ಹೇಳಿ ಕಿವಿ ಇನ್ನೊಂದು ಹೇಳಿದರೆ ವಾಕರಿಕೆ ಬರುತ್ತದೆ. ಬ್ರೇಕಿಗೂ ತಿರುವಿಗೂ ತುಸು ಇರಲಿ, ಹೀವ್‌ಗೆ ಬಹುತೇಕ ಬೇಡ. ವಿಆರ್ ಕನ್ನಡಕ ಹಾಕುವವರು ಮೋಷನ್ ಕಾಂಪೆನ್ಸೇಷನ್ ಚಾಲೂ ಮಾಡದೆ ಕೂರಲೇಬಾರದು. ಇಲ್ಲದಿದ್ದರೆ ಕುರ್ಚಿ ವಾಲಿದ್ದನ್ನು ಆಟವು ನೀವೇ ತಲೆ ವಾಲಿಸಿದಿರಿ ಎಂದುಕೊಂಡು ಇಡೀ ಕಾಕ್‌ಪಿಟ್ಟನ್ನು ಜಾರಿಸಿಬಿಡುತ್ತದೆ. ಹೊಟ್ಟೆ ತುಂಬ ಊಟ ಮಾಡಿ ಕೂರುವುದಂತೂ ಬೇಡವೇ ಬೇಡ.

ಇನ್ನು ಮನೆಯ ಮಾತು. ಫ್ಲ್ಯಾಟಿನಲ್ಲಿದ್ದರೆ ಕೆಳಮನೆಯವರಿಗೆ ಕೇಳಿಸುವುದು ಹೀವ್‌ನ ಸಣ್ಣ ನಡುಕವೇ. ಪ್ರತಿ ಕಾಲಿನಡಿ ದಪ್ಪ ರಬ್ಬರ್ ಮ್ಯಾಟ್ ಹಾಸಿ, ರಾತ್ರಿಗೆಂದು ಹೀವ್ ತಗ್ಗಿಸಿದ ಬೇರೆ ಪ್ರೊಫೈಲ್ ಉಳಿಸಿಡಿ. 750 ವ್ಯಾಟ್‌ನ ನಾಲ್ಕು ಮೋಟಾರುಗಳಿದ್ದರೆ ಸರಿಯಾದ ಅರ್ತಿಂಗ್ ಇರುವ 16 ಆಂಪಿಯರ್ ಸಾಕೆಟ್ ಬೇಕು. ಮನೆಯ ಇನ್ವರ್ಟರ್‌ಗೆ ಅವನ್ನು ಜೋಡಿಸಬೇಡಿ. ಕರೆಂಟ್ ಹೋದೊಡನೆ ಕೆಲವು ಆಕ್ಚುಯೇಟರ್‌ಗಳು ಭಾರಕ್ಕೆ ತಾವಾಗಿ ಇಳಿಯುತ್ತವೆ. ಪುಟ್ಟ ಮಕ್ಕಳೂ ಬೆಕ್ಕೂ ಇರುವ ಮನೆಯಲ್ಲಿ ಇದನ್ನು ನೆನಪಿಟ್ಟುಕೊಂಡು ಕೋಣೆಯ ಬಾಗಿಲಿಗೆ ಚಿಲಕ ಹಾಕಿಕೊಳ್ಳಿ. ತುರ್ತು ನಿಲುಗಡೆಯ ಕೆಂಪು ಗುಂಡಿ ಕೂತವರ ಕೈಗೆ ಒಂದು, ಬಾಗಿಲ ಬಳಿ ನಿಂತವರ ಕೈಗೆ ಒಂದು ಇರಲಿ. ಯುಎಸ್‌ಬಿ ತಂತಿಗಳನ್ನು ಬಿಗಿಯಾಗಿ ಕಟ್ಟದೆ, ಕುರ್ಚಿ ಪೂರ್ತಿ ಮೇಲೆದ್ದಾಗಲೂ ಎಳೆಯದಷ್ಟು ಸಡಿಲ ಬಿಡಿ.

ಅಲ್ಯೂಮಿನಿಯಂ ಫ್ರೇಮಿನ ಬೋಲ್ಟುಗಳು ನಡುಕಕ್ಕೆ ಸಡಿಲವಾಗುತ್ತವೆ. ಹೊಸತಾಗಿ ಕಟಕಟ ಸದ್ದು ಕೇಳಿಸಿದರೆ ಸಾಫ್ಟ್‌ವೇರ್ ಮುಟ್ಟುವ ಮೊದಲು ಆಲನ್ ಕೀ ತೆಗೆದುಕೊಂಡು, ಪೆಡಲ್ ಕೆಳಗಿನ ಬೋಲ್ಟುಗಳಿಂದ ಬಿಗಿಮಾಡುತ್ತ ಬನ್ನಿ.