ಮಕ್ಕಳ ಗೂಗಲ್ ಫಾರ್ಮ್: ದೂರದ ಪ್ರಶ್ನೆ ಸರಿಹೋದ ಬಗೆ

ಎಂಟನೇ ತರಗತಿ ಮಕ್ಕಳು ಗೂಗಲ್ ಫಾರ್ಮ್ಸ್‌ನಲ್ಲಿ ಒಂದು ಪ್ರಶ್ನಾವಳಿ ಮಾಡಿದ್ದರು. ‘ಮನೆಯಿಂದ ಶಾಲೆಗೆ ಎಷ್ಟು ದೂರ?’ ಅಂತ ಕೇಳಿದರೆ ಬಂದ ಉತ್ತರಗಳು: ‘2 ಕಿ.ಮೀ.’, ‘ಎರಡು’, ‘ಜಾಸ್ತಿ ಇಲ್ಲ ಮಿಸ್’! ಉತ್ತರಗಳು ಬಂದು ಸೇರುವ ಗೂಗಲ್ ಶೀಟ್‌ನಲ್ಲಿ ಸರಾಸರಿ ಸರಿಯಾಗಿ ಬರಲಿಲ್ಲ. ಆವರೇಜ್ ಸೂತ್ರ ಅಕ್ಷರ ಇರುವ ಉತ್ತರವನ್ನು ಸುಮ್ನೆ ಬಿಟ್ಟುಬಿಡುತ್ತದೆ.

ಪ್ರಶ್ನೆಯ ಕೆಳಗಿನ ಮೂರು ಚುಕ್ಕೆ ಒತ್ತಿಸಿ, ‘ರೆಸ್ಪಾನ್ಸ್ ವ್ಯಾಲಿಡೇಷನ್’ (ಉತ್ತರ ಹೇಗಿರಬೇಕು ಅಂತ ಕಟ್ಟುಪಾಡು ಹಾಕುವ ಆಯ್ಕೆ) ಆರಿಸಿ, ನಂಬರ್, 0ರಿಂದ 30ರ ನಡುವೆ ಅಂತ ಕೊಡಿಸಿದೆ. ತಪ್ಪಿದರೆ ಕಾಣುವ ಸಂದೇಶ ಮಕ್ಕಳದೇ: ‘ಬರೀ ಅಂಕಿ ಹಾಕಿ, ಕಿ.ಮೀ. ಬೇಡ’. ನಾನಾಗಿದ್ದರೆ ಇಷ್ಟು ಚೆನ್ನಾಗಿ ಬರೆಯುತ್ತಿರಲಿಲ್ಲ.

‘ಹೇಗೆ ಬರುತ್ತೀರಿ?’ ಪ್ರಶ್ನೆಗೆ ಒಂದೇ ಉತ್ತರ ಆರಿಸಬಹುದಾದ ಮಲ್ಟಿಪಲ್ ಚಾಯ್ಸ್ ತೆಗೆದು, ಒಂದಕ್ಕಿಂತ ಹೆಚ್ಚು ಆರಿಸಬಹುದಾದ ಚೆಕ್‌ಬಾಕ್ಸ್ ಹಾಕಿಸಿದೆ. ನಡೆದು ಬಂದು ಬಸ್ ಹತ್ತುವವರೂ ಇರುತ್ತಾರೆ ಅಲ್ವಾ? ಹಳೆಯ ಉತ್ತರಗಳು ಮಾತ್ರ ತಾವಾಗಿ ಸರಿಹೋಗುವುದಿಲ್ಲ. ಅವನ್ನು ಶೀಟ್‌ನಲ್ಲಿ ಕೈಯಲ್ಲೇ ತಿದ್ದಿದೆವು.