‘ಹೆಲ್ಪ್ ಔಟ್ ಮಿ’ ಯಾಕೆ ತಪ್ಪು: ಇಂಗ್ಲಿಷಿನಲ್ಲಿ ಸಹಾಯ ಕೇಳುವ ಫ್ರೇಸಲ್ ವರ್ಬ್‌ಗಳು

‘ಹೆಲ್ಪ್ ಔಟ್’, ‘ಟರ್ನ್ ಟು’ ಥರ ಕ್ರಿಯಾಪದದ ಜೊತೆ ಇನ್ನೊಂದು ಪುಟ್ಟ ಪದ ಸೇರಿ ಆಗುವ ಫ್ರೇಸಲ್ ವರ್ಬ್‌ಗಳನ್ನು ಬರೀ ಪಟ್ಟಿ ಮಾಡಿ ಎದುರಿಗೆ ಅರ್ಥ ಬರೆದುಕೊಂಡರೆ ಮಾತಾಡುವಾಗ ಒಂದೂ ಬಾಯಿಗೆ ಬರುವುದಿಲ್ಲ. ಅದಕ್ಕೇ ನಾನು ನೋಟ್‌ಬುಕ್ಕಿನಲ್ಲಿ ಯಾರನ್ನು, ಯಾವುದಕ್ಕೆ ಎನ್ನುವುದನ್ನೂ ಸೇರಿಸಿಯೇ ಬರೆದುಕೊಳ್ಳುತ್ತೇನೆ: ‘ಹೆಲ್ಪ್ ಮಿ ಔಟ್ ವಿತ್ ದಿಸ್ ರಿಪೋರ್ಟ್’, ‘ಟರ್ನ್ ಟು ಹರ್ ಫಾರ್ ಅಡ್ವೈಸ್’. ನಾವು ಹೆಚ್ಚಾಗಿ ಎಡವುವುದು ಆ ‘ಮಿ’, ‘ಹರ್’ ಎಲ್ಲಿ ಕೂರಬೇಕು ಎನ್ನುವಲ್ಲೇ.

ಕಿವಿಗೆ ಬಿಟ್ಟರೆ ಇದು ಸುಲಭ. ‘ಹೆಲ್ಪ್ ಔಟ್’ ಎಂದು ಜೋರಾಗಿ ಹೇಳಿ ನೋಡಿ, ಒತ್ತು ‘ಔಟ್’ ಮೇಲೆ ಬೀಳುತ್ತದೆ. ಇಂಥದ್ದರಲ್ಲಿ ಸರ್ವನಾಮ ನಡುವೆ ಬರುತ್ತದೆ: ‘ಹೆಲ್ಪ್ ಮಿ ಔಟ್’, ‘ಬೇಲ್ ಹಿಮ್ ಔಟ್’. ನಾಮಪದವಾದರೆ ‘ಹೆಲ್ಪ್ ಔಟ್ ಎ ಫ್ರೆಂಡ್’ ಎಂದರೂ ಸರಿ, ‘ಹೆಲ್ಪ್ ಎ ಫ್ರೆಂಡ್ ಔಟ್’ ಎಂದರೂ ಸರಿ. ‘ಕೌಂಟ್ ಆನ್ ಮಿ’ (ನನ್ನನ್ನು ನೆಚ್ಚಿಕೊಳ್ಳಬಹುದು), ‘ಟರ್ನ್ ಟು ಹಿಮ್’ ಎನ್ನುವಾಗ ಒತ್ತು ಕ್ರಿಯಾಪದದ ಮೇಲಿರುತ್ತದೆ, ಸರ್ವನಾಮ ಕೊನೆಗೆ ಹೋಗುತ್ತದೆ. ‘ರೀಚ್ ಔಟ್’ (ಸಂಪರ್ಕಿಸು) ಆದ ಮೇಲೆ ಯಾರನ್ನು ಎಂದು ಹೇಳುವುದಿದ್ದರೆ ‘ಟು’ ಬೇಕೇ ಬೇಕು. ‘ರೀಚ್ ಔಟ್ ಮಿ’ ಎಂಬ ಮೇಲ್ ಎಷ್ಟು ಬಂದಿವೆಯೋ ಲೆಕ್ಕವಿಲ್ಲ.

ಕನ್ನಡದಲ್ಲಿ ‘ಸಹಾಯ ಕೇಳಿದೆ’ ಎನ್ನುವಾಗ ‘ಸಹಾಯ’ಕ್ಕೆ ಪ್ರತ್ಯಯ ಹಚ್ಚುವುದಿಲ್ಲವಲ್ಲ, ‘ಐ ಆಸ್ಕ್ಡ್ ಹೆಲ್ಪ್’ ಹುಟ್ಟುವುದು ಅಲ್ಲಿಂದ. ಅಲ್ಲಿ ‘ಆಸ್ಕ್ಡ್ ಫಾರ್ ಹೆಲ್ಪ್’ ಆಗಬೇಕು. ‘ಅವರ ಹತ್ರ ಕೇಳಿದೆ’ ಎಂಬುದು ‘ಆಸ್ಕ್ಡ್ ವಿತ್ ಹಿಮ್’ ಆಗುವುದೂ ಹೀಗೇ. ‘ಆಸ್ಕ್ಡ್ ಹಿಮ್’ ಅಷ್ಟೇ ಸಾಕು. ನಾಲ್ಕು ಜನರನ್ನು ವಿಚಾರಿಸಿದ್ದಕ್ಕೆ ‘ಆಸ್ಕ್ಡ್ ಅರೌಂಡ್’.

ಪದದ ತೂಕವನ್ನೂ ನೋಡಬೇಕು. ‘ಟರ್ನ್ ಟು’ ನಮ್ಮ ‘ಮೊರೆ ಹೋಗು’ವಿಗೆ ಹತ್ತಿರ. ಪ್ರಿಂಟರ್ ಕೆಟ್ಟಿದ್ದಕ್ಕೆ ‘ಐ ಆಮ್ ಟರ್ನಿಂಗ್ ಟು ಯು’ ಎಂದರೆ ನಾಟಕದ ಮಾತಾಗುತ್ತದೆ. ‘ಕುಡ್ ಯು ಹೆಲ್ಪ್ ಮಿ ಔಟ್?’ ಎಂದರೆ ಮುಗಿಯಿತು. ಕೆಲಸಕ್ಕೆ ಎಲ್ಲರೂ ಕೈಜೋಡಿಸುವುದು ‘ಪಿಚ್ ಇನ್’, ಬೀಳ್ಕೊಡುಗೆಯ ಗಿಫ್ಟಿಗೆ ತಲಾ 200 ರೂಪಾಯಿ ಹಾಕುವುದು ‘ಚಿಪ್ ಇನ್’. ‘ಲೀನ್ ಆನ್’ಗೆ ಆಸರೆ ಪಡೆಯುವುದಲ್ಲದೆ ಒತ್ತಡ ಹೇರುವುದು ಎಂಬ ಅರ್ಥವೂ ಇದೆ, ಹಾಗಾಗಿ ಮೇಲಧಿಕಾರಿಗಳ ವಿಷಯದಲ್ಲಿ ನಾನು ಅದನ್ನು ಬಳಸುವುದಿಲ್ಲ. ಎಲ್ಲಕ್ಕಿಂತ ಅಪಾಯದ ಜೋಡಿ ‘ಬೇಲ್ಡ್ ಮಿ ಔಟ್’, ‘ಬೇಲ್ಡ್ ಆನ್ ಮಿ’. ಮೊದಲನೆಯವನು ಕಷ್ಟದಿಂದ ಪಾರು ಮಾಡಿದ, ಎರಡನೆಯವನು ಕೈಕೊಟ್ಟ.

‘ಏನಾದರೂ ಬೇಕಿದ್ದರೆ ಹೇಳಿ’ ಎಂದು ಯಾರೋ ಹಿಂದೆ ಹೇಳಿರುತ್ತಾರೆ. ಈಗ ಅವರನ್ನೇ ಕೇಳಬೇಕಾದರೆ ‘ಐ ವುಡ್ ಲೈಕ್ ಟು ಟೇಕ್ ಯು ಅಪ್ ಆನ್ ದಟ್ ಆಫರ್’ ಎನ್ನಬಹುದು. ‘ಯು’ ನಡುವೆ, ‘ಅಪ್ ಆನ್’ ಒಟ್ಟಿಗೆ, ಆಫರ್ ಕೊನೆಗೆ.